ಸುಟ್ಟ ಗುಡ್ಡಕ್ಕೆ ಬೀಜ ಚೆಲ್ಲಬೇಕು, ಚೀಲದಲ್ಲಿ ಏನಿದೆ ಅಂತ ಗೊತ್ತಿಲ್ಲ. ಏನು ಮಾಡಲಿ?

ಗುಡ್ಡದದಾರಿ

ಎಲ್ಲರಿಗೂ ನಮಸ್ಕಾರ. ಸಲಹೆ ಬೇಕಾಗಿದೆ, ಸ್ವಲ್ಪ ಅವಸರವೂ ಇದೆ.

ನಾವು ಹದಿನೈದು ಜನ ಸೇರಿ ಒಂದು ಸಾರ್ವಜನಿಕ ಕಾಡುಗುಡ್ಡ ನೋಡಿಕೊಳ್ಳುತ್ತೇವೆ. ಎರಡು ತಿಂಗಳ ಹಿಂದೆ ಅಲ್ಲಿ ಬೆಂಕಿ ಬಿತ್ತು. ಸುಮಾರು 40 ಎಕರೆ ಸುಟ್ಟುಹೋಯಿತು. ಈಗ ಹೋಗಿ ನಿಂತರೆ ಕರುಳು ಚುರ್ ಅನ್ನುತ್ತದೆ. ಬೂದಿ, ಕರಿ ಬುಡಗಳು, ಅಷ್ಟೇ. ಮಳೆಗೆ ಇನ್ನು ಐದು ವಾರ ಇದೆ.

ನಮ್ಮ ಕೆಲಸ ಮೆಚ್ಚಿದ ಹಿರಿಯರೊಬ್ಬರು ಆರು ಚೀಲ ಬೀಜ ಕೊಟ್ಟಿದ್ದಾರೆ. ಚೀಟಿಯ ಮೇಲೆ ‘ಬೇಗ ಹಸಿರಾಗುವ ಹುಲ್ಲಿನ ಮಿಶ್ರಣ. ನೀರು ಬೇಡ, ದನ ಮುಟ್ಟುವುದಿಲ್ಲ, ಆರೈಕೆ ಬೇಕಿಲ್ಲ’ ಅಂತ ಇದೆ. ಯಾವ ಹುಲ್ಲು ಅಂತ ಎಲ್ಲೂ ಬರೆದಿಲ್ಲ. ಗುಂಪಿನಲ್ಲಿ ಅರ್ಧ ಜನ ಈ ಭಾನುವಾರವೇ ಚೆಲ್ಲೋಣ ಅಂತಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಗೊತ್ತಿರುವವರು ಹೇಳಿ.

ಹುಲ್ಲುಕಡ್ಡಿ

ದಯವಿಟ್ಟು ಚೆಲ್ಲಬೇಡಿ ಸರ್. ಚೀಲದ ಬಾಯಿ ಕಟ್ಟಿ ಒಳಗಿಡಿ. ಬೀಜ ಗುಡ್ಡದ ಮೇಲೆ ಸೋರಬಾರದು.

ಚೀಟಿಯ ಗುಣಗಳನ್ನು ಇನ್ನೊಂದು ಸಲ ಓದಿ. ಬೇಗ ಬೆಳೆಯುತ್ತದೆ. ನೀರು ಕೇಳುವುದಿಲ್ಲ. ದನ ಮುಟ್ಟುವುದಿಲ್ಲ. ಒಂದು ಗಿಡ ಕಾಡನ್ನು ನುಂಗಬೇಕಾದರೆ ಅದಕ್ಕೂ ಇವೇ ಗುಣ ಬೇಕು, ಅಲ್ವಾ? ನಾವು ಅವಸರದಲ್ಲಿ ಯಾವುದನ್ನು ಒಳ್ಳೆಯ ಗುಣ ಅಂತ ಆರಿಸುತ್ತೇವೋ, ಹತ್ತು ವರ್ಷದ ಮೇಲೆ ಅದೇ ನಮಗೆ ತಿರುಗಿಬೀಳುತ್ತದೆ.

ಕುಡ್ಜು ಬಳ್ಳಿಯ ಕಥೆ ಕೇಳಿರಬಹುದು. 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನಕ್ಕೆ ಜಪಾನಿನಿಂದ ಬಂದ ಅಲಂಕಾರದ ಬಳ್ಳಿ ಅದು. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲಿ ಅಂತ ಅಮೆರಿಕದ ಸರ್ಕಾರವೇ ಕೋಟಿಗಟ್ಟಲೆ ಸಸಿ ಬೆಳೆಸಿ ಹಂಚಿತು. ನೆಟ್ಟ ರೈತರಿಗೆ ಎಕರೆಗೆ 8 ಡಾಲರ್‌ವರೆಗೆ ಕೊಟ್ಟಿತು. ಬಳ್ಳಿ ಮರಗಳ ಮೇಲೆ ಹತ್ತಿ ಬಿಸಿಲೇ ಬೀಳದಂತೆ ಮುಚ್ಚಿಬಿಟ್ಟಿತು. 1953ರ ಹೊತ್ತಿಗೆ ಕೃಷಿ ಇಲಾಖೆಯೇ ಅದನ್ನು ನೆಡಬಹುದಾದ ಗಿಡಗಳ ಪಟ್ಟಿಯಿಂದ ತೆಗೆಯಬೇಕಾಯಿತು. ಇವತ್ತಿಗೂ ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕಡಿಯುತ್ತಲೇ ಇದ್ದಾರೆ. ನೆಟ್ಟವರು ಕೆಟ್ಟವರಲ್ಲ. ನಿಮ್ಮ ಹಾಗೆಯೇ ಮಣ್ಣಿನ ಮೇಲೆ ಪ್ರೀತಿ ಇದ್ದವರು.

ಮಣ್ಣುಕಣ

ನನ್ನದು ಬೇರೆ ಅಭಿಪ್ರಾಯ. ಮಣ್ಣು ಉಳಿದರೆ ತಾನೇ ಕಾಡು? ಸುಟ್ಟ ಇಳಿಜಾರಿನ ಮೇಲೆ ಮೊದಲ ಜೋರು ಮಳೆ ಬಿದ್ದರೆ ಮೇಲ್ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತದೆ. ಆ ಮಣ್ಣು ಮತ್ತೆ ಕೂಡಲು ನೂರಾರು ವರ್ಷ ಬೇಕು. ಎರಡು ವರ್ಷ ಹೊರಗಿನ ಹುಲ್ಲು ಇದ್ದರೆ ಇರಲಿ ಬಿಡಿ. ಬೇರು ಮಣ್ಣು ಹಿಡಿಯುತ್ತದೆ, ಆಮೇಲೆ ಸ್ಥಳೀಯ ಗಿಡ ತಂದರಾಯಿತು. ಮನೆಗೆ ಬೆಂಕಿ ಬಿದ್ದಾಗ ಯಾವ ಬಾವಿಯ ನೀರು ಅಂತ ಕೇಳುತ್ತಾ ಕೂರುವುದಿಲ್ಲ.

ಹುಲ್ಲುಕಡ್ಡಿ

ಮಣ್ಣಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಹುಲ್ಲು ಚೆಲ್ಲಿದರೆ ಮಣ್ಣು ನಿಲ್ಲುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಕ್ಯಾಲಿಫೋರ್ನಿಯಾದಲ್ಲಿ ದಶಕಗಳ ಕಾಲ ಇದೇ ನಡೆಯಿತು. ಪೊದೆಗಾಡು ಸುಟ್ಟರೆ ಸಾಕು, ವಿಮಾನದಿಂದ ರೈಗ್ರಾಸ್ ಬೀಜ ಸುರಿಯುತ್ತಿದ್ದರು. ಅದು ಯುರೋಪ್ ಕಡೆಯ ಹುಲ್ಲು. ಆಮೇಲೆ ಅಳತೆ ಮಾಡಿದರೆ ಏನಾಗಿತ್ತು? ಬೀಜ ಮೊಳೆತು ಬೇರು ಬಿಡುವ ಮುಂಚೆಯೇ ಮೊದಲ ದೊಡ್ಡ ಮಳೆ ಬಂದು ಮಣ್ಣು ಹೋಗಿರುತ್ತಿತ್ತು. ಹುಲ್ಲು ತೆಳ್ಳಗೆ ಬಂದ ಕಡೆ ಉಪಯೋಗವಿಲ್ಲ. ದಟ್ಟವಾಗಿ ಬಂದ ಕಡೆ ಅಲ್ಲಿನದೇ ಸಸಿಗಳು ಅದರ ಕೆಳಗೆ ಉಸಿರುಗಟ್ಟಿದವು. ಮಣ್ಣನ್ನು ಮೊದಲ ಮಳೆಗೇ ಹಿಡಿದು ನಿಲ್ಲಿಸುವುದು ಹೊದಿಕೆ. ಒಣ ಹುಲ್ಲು, ಮರದ ಸಿಗುರು, ಇಳಿಜಾರಿಗೆ ಅಡ್ಡ ಹಾಕಿದ ಕೊಂಬೆ. ಅದು ಹಾಸಿದ ದಿನದಿಂದಲೇ ಕೆಲಸ ಮಾಡುತ್ತದೆ. ಬೀಜಕ್ಕೆ ವಾರಗಳು ಬೇಕು.

ಇನ್ನು ‘ಎರಡು ವರ್ಷ ಇರಲಿ’ ಅನ್ನುವುದು. ನಾವು ಹೇಳಿದಾಗ ಎದ್ದು ಹೋಗುವ ಹುಲ್ಲು ಅಲ್ಲ ಅದು. ಮೊದಲು ಬಂದವನಿಗೆ ನೀರು, ಬೆಳಕು, ಜಾಗ ಎಲ್ಲ ಸಿಗುತ್ತದೆ. ಸ್ಥಳೀಯ ಬೀಜ ಮೂರನೇ ವರ್ಷ ತಂದರೆ ಅದಕ್ಕೆ ಕೂರಲು ನೆಲವೇ ಇರುವುದಿಲ್ಲ.

ಕಾಡಂಚು

ನನ್ನ ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬರಲಿ.

ಹನ್ನೆರಡು ವರ್ಷದ ಹಿಂದೆ ನಾವು ಒಂದು ಬೋಳು ಜಾಗದಲ್ಲಿ ಹಳದಿ ಹೂವಿನ ಮರದ ಬೀಜ ಹಾಕಿದೆವು. ಉಚಿತವಾಗಿ ಸಿಕ್ಕಿತ್ತು. ಮೂರೇ ವರ್ಷಕ್ಕೆ ಆಳೆತ್ತರ ಬಂತು. ಜನ ಬಂದು ಫೋಟೊ ತೆಗೆದುಕೊಂಡರು, ನಮಗೆ ಸನ್ಮಾನವೂ ಆಯಿತು. ಐದನೇ ವರ್ಷ ನೋಡುತ್ತೇನೆ, ಅದರ ಕೆಳಗೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಜಿಂಕೆ ಬರುವುದು ನಿಂತಿತು. ಕಡಿದರೆ ಬುಡದಿಂದ ಹತ್ತು ಚಿಗುರು. ಅದು ಸೆನ್ನಾ ಸ್ಪೆಕ್ಟಬಿಲಿಸ್ ಅಂತ ಆಮೇಲೆ ಗೊತ್ತಾಯಿತು. ವಯನಾಡು, ಮುದುಮಲೈ ಕಾಡುಗಳನ್ನು ಹೈರಾಣ ಮಾಡಿರುವುದು ಇದೇ ಮರ. ಅಮೆರಿಕ ಖಂಡದ ಉಷ್ಣ ಪ್ರದೇಶದ್ದು, ನೆರಳಿಗೆ, ಅಂದಕ್ಕೆ ಅಂತ ತಂದದ್ದು.

ಹನ್ನೆರಡು ವರ್ಷದಲ್ಲಿ ನೆಡಲು ಹೋದದ್ದು ನಾಲ್ಕು ದಿನ. ಉಳಿದ ಸಮಯವೆಲ್ಲ ತೆಗೆಯುವುದಕ್ಕೇ ಹೋಗಿದೆ. ಇನ್ನೂ ಮುಗಿದಿಲ್ಲ.

ಮಳೆಹನಿ

ಕಾಡಂಚು ಅವರೇ, ಹೇಳಿದ್ದಕ್ಕೆ ಧನ್ಯವಾದ. ಇಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬಳ್ಳಾರಿ ಜಾಲಿಯೂ ಹೀಗೇ. ಕಚ್ಛಿನ ಬನ್ನಿ ಹುಲ್ಲುಗಾವಲಿನಲ್ಲಿ ಉಪ್ಪು ನೆಲ ಮುಂದೆ ಬರದಿರಲಿ ಅಂತ 1960ರ ದಶಕದಲ್ಲಿ ನೆಟ್ಟರು. ಈಗ ಹುಲ್ಲುಗಾವಲಿನ ದೊಡ್ಡ ಭಾಗ ಅದರ ಕೈಯಲ್ಲಿದೆ. ಎಮ್ಮೆ ಸಾಕುವ ಮಾಲ್ಧಾರಿಗಳು ಅದನ್ನು ಗಾಂಡೋ ಬಾವಳ ಅಂತಾರೆ, ಹುಚ್ಚು ಜಾಲಿ ಅಂತ. ದನ ಕಾಯಿ ತಿನ್ನುತ್ತವೆ, ಸಗಣಿಯಲ್ಲಿ ಬೀಜ ಊರೆಲ್ಲ ಹರಡುತ್ತದೆ. ಹಾಗಾಗಿ ದನ ತಿನ್ನುವುದಿಲ್ಲ ಅನ್ನುವುದಷ್ಟೇ ಅಪಾಯ ಅಲ್ಲ, ದನ ತಿನ್ನುವುದೂ ಅಪಾಯವೇ. ಗಿಡದ ಪೂರ್ತಿ ಜಾತಕ ನೋಡಬೇಕು.

ಹೊಸಚಿಗುರು

ಒಂದು ಪ್ರಶ್ನೆ. ಹಾಗಾದರೆ ಹೊರಗಿನ ಗಿಡ ಎಲ್ಲವೂ ಕೆಟ್ಟದ್ದಾ? ನಾವು ತಿನ್ನುವ ಮೆಣಸಿನಕಾಯಿ, ಟೊಮೆಟೊ ಎಲ್ಲ ಹೊರಗಿನವೇ ತಾನೇ?

ಹುಲ್ಲುಕಡ್ಡಿ

ಖಂಡಿತ ಎಲ್ಲವೂ ಅಲ್ಲ. ಹೊರಗಿನಿಂದ ಬಂದ ಗಿಡಗಳಲ್ಲಿ ಜಾಸ್ತಿ ಭಾಗ ನಾವು ನೀರು ಹಾಕದಿದ್ದರೆ ಬದುಕುವುದೇ ಇಲ್ಲ. ತಾನೇ ಹಬ್ಬಿ, ಬೇರೆಯವನ್ನು ಓಡಿಸಿ, ಹಾನಿ ಮಾಡುವವು ಕೆಲವೇ. ಅವನ್ನೇ ಆಕ್ರಮಣಕಾರಿ ಅನ್ನುವುದು. ಅಮೆರಿಕದಲ್ಲಿ 1999ರ ಫೆಬ್ರುವರಿಯಲ್ಲಿ ಅಧ್ಯಕ್ಷರು ಹೊರಡಿಸಿದ ಆದೇಶವೂ ಈ ಗೆರೆಯನ್ನೇ ಎಳೆದಿತ್ತು. ಹೊರಗಿನದು ಆಗಿರಬೇಕು, ಜೊತೆಗೆ ಹಾನಿ ಮಾಡಬೇಕು ಅಥವಾ ಮಾಡುವ ಸಂಭವ ಇರಬೇಕು. ಅಂಥದ್ದನ್ನು ಹರಡುವ ಕೆಲಸಕ್ಕೆ ಸರ್ಕಾರಿ ಸಂಸ್ಥೆಗಳು ಹಣ ಕೊಡಬಾರದು ಅಂತ ಅದರಲ್ಲಿದೆ.

ತೊಂದರೆ ಏನೆಂದರೆ, ಯಾವುದು ಹಬ್ಬುತ್ತದೆ ಅಂತ ಚೆಲ್ಲುವ ದಿನ ಹೇಳುವುದು ಕಷ್ಟ. ಎಷ್ಟೋ ಗಿಡ ಇಪ್ಪತ್ತು, ಮೂವತ್ತು ವರ್ಷ ಸುಮ್ನೆ ಇದ್ದು ಆಮೇಲೆ ಎದ್ದಿವೆ. ನಮ್ಮ ಹಿತ್ತಲಾದರೆ ಕಿತ್ತು ಹಾಕಬಹುದು. ಸಾರ್ವಜನಿಕ ಕಾಡಿನಲ್ಲಿ ಯಾರು ದಿನಾ ಹೋಗಿ ನೋಡುತ್ತಾರೆ? ಅದಕ್ಕೇ ಅಲ್ಲಿ ಅಳತೆ ಬಿಗಿಯಾಗಿರಬೇಕು ಅನ್ನುವುದು.

ಬೀಜಪರೀಕ್ಷೆ

ನಾನು ಬೀಜ ತಪಾಸಣೆಯ ಕೆಲಸ ಮಾಡುತ್ತೇನೆ. ಮೂಲ ಪ್ರಶ್ನೆಗೆ ಬರೋಣ, ಚೀಲದಲ್ಲಿ ಏನಿದೆ?

ಜಾತಿಯ ಹೆಸರು ಇಲ್ಲದ ಚೀಲವನ್ನು ಕಾಡಿನ ಗಡಿ ದಾಟಿಸಬೇಡಿ. ‘ಹುಲ್ಲಿನ ಮಿಶ್ರಣ’ ಅನ್ನುವುದು ಹೆಸರಲ್ಲ. ಸರಿಯಾದ ಚೀಟಿಯಲ್ಲಿ ಪ್ರತಿ ಜಾತಿಯ ಸಸ್ಯಶಾಸ್ತ್ರದ ಹೆಸರು, ಬೀಜ ಎಲ್ಲಿ ಬೆಳೆದದ್ದು, ಶುದ್ಧತೆ ಎಷ್ಟು, ಮೊಳಕೆ ಎಷ್ಟು, ಕಳೆಬೀಜ ಎಷ್ಟು, ಪರೀಕ್ಷೆ ಆದ ದಿನ, ಇಷ್ಟು ಇರಬೇಕು. ಶುದ್ಧತೆಯನ್ನು ಮೊಳಕೆಯಿಂದ ಗುಣಿಸಿದರೆ ನಿಜವಾಗಿ ಜೀವ ಇರುವ ಬೀಜ ಎಷ್ಟು ಅಂತ ಸಿಗುತ್ತದೆ. ಶುದ್ಧತೆ ನೂರಕ್ಕೆ 90, ಮೊಳಕೆ ನೂರಕ್ಕೆ 80 ಅಂದುಕೊಳ್ಳಿ. ಆಗ 10 ಕಿಲೋ ಚೀಲದಲ್ಲಿ ಉಪಯೋಗಕ್ಕೆ ಬರುವುದು 7.2 ಕಿಲೋ. ಅಗ್ಗದ ಚೀಲ ಎಷ್ಟೋ ಸಲ ದುಬಾರಿಯಾಗುವುದು ಹೀಗೆ.

ಆದರೆ ನನಗೆ ನಿದ್ದೆ ಕೆಡಿಸುವುದು ಕಳೆಬೀಜದ ಅಂಕಿ. ನೂರಕ್ಕೆ ಅರ್ಧ ಅಂದರೆ ಕಡಿಮೆ ಅನ್ನಿಸುತ್ತದೆ. 100 ಕಿಲೋ ಚೆಲ್ಲಿದರೆ ಅದು ಅರ್ಧ ಕಿಲೋ. ದಂಟಿನ ಜಾತಿಯ ಸಣ್ಣ ಬೀಜ ಒಂದು ಗ್ರಾಮಿಗೆ ಸಾವಿರಕ್ಕೂ ಹೆಚ್ಚು ಇರುತ್ತದೆ. ಅಂದರೆ ಐದು ಲಕ್ಷಕ್ಕೂ ಹೆಚ್ಚು ಕಳೆಬೀಜವನ್ನು ನಾವೇ ಕೈಯಾರೆ ಬಿತ್ತಿದ ಹಾಗೆ.

ಇದು ಬರೀ ಲೆಕ್ಕದ ಮಾತಲ್ಲ. 2000ದಲ್ಲಿ ನ್ಯೂ ಮೆಕ್ಸಿಕೋದ ಸೆರೋ ಗ್ರಾಂಡೆ ಬೆಂಕಿಯ ನಂತರ ಚೆಲ್ಲಿದ ಬೀಜದಲ್ಲಿ ಚೀಟ್‌ಗ್ರಾಸ್ ಅನ್ನುವ ಆಕ್ರಮಣಕಾರಿ ಹುಲ್ಲಿನ ಬೀಜ ಬೆರೆತಿತ್ತು. 2016ರಲ್ಲಿ ಅಯೋವಾ, ಮಿನ್ನೆಸೋಟ ಕಡೆ ಜೇನುನೊಣ, ಚಿಟ್ಟೆಗಳಿಗಾಗಿ ಬಿತ್ತಿದ ಹೂಗಿಡಗಳ ಬೀಜದ ಜೊತೆ ಪಾಮರ್ ಅಮರಾಂತ್ ಅನ್ನುವ ಕಳೆ ಬಂತು. ಅದರ ಒಂದೇ ಗಿಡ ಲಕ್ಷಗಟ್ಟಲೆ ಬೀಜ ಬಿಡುತ್ತದೆ. ಸ್ಥಳೀಯ ಬೀಜ ಅಂತ ಚೀಟಿ ಇದ್ದರೂ ಒಳಗೆ ಏನು ಬೆರೆತಿದೆ ಅಂತ ನೋಡಲೇಬೇಕು.

ಶುದ್ಧತೆಯ ಪರೀಕ್ಷೆಗೆ ಕನಿಷ್ಠ 2,500 ಬೀಜದಷ್ಟು ಮಾದರಿ ನೋಡುತ್ತಾರೆ. ಕೆಟ್ಟ ಕಳೆ ಹುಡುಕಲು ಅದರ ಹತ್ತರಷ್ಟು, ಅಂದರೆ ಸುಮಾರು 25,000 ಬೀಜ. ಈ ಎರಡನೆಯದನ್ನೂ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಎಲ್ಲ ಚೀಲದಿಂದಲೂ, ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ಮಾದರಿ ತೆಗೆಯಿರಿ. ಸಣ್ಣ ಬೀಜ ಯಾವಾಗಲೂ ತಳಕ್ಕೆ ಇಳಿದಿರುತ್ತದೆ.

ಗುಡ್ಡದದಾರಿ

ಭಾನುವಾರದ ಕೆಲಸ ನಿಲ್ಲಿಸಿದೆ. ಬೈಸಿಕೊಂಡೆ, ಪರವಾಗಿಲ್ಲ. ಮಾದರಿ ಪರೀಕ್ಷೆಗೆ ಕಳಿಸಿದ್ದೇನೆ.

ಒಂದು ಚೀಲ ಮನೆಯೊಳಗೆ ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದೆವು. ನಮ್ಮ ಕಣ್ಣಿಗೇ ನಾಲ್ಕು ಬಗೆ ಬೀಜ ಕಾಣಿಸಿತು.

ಮಣ್ಣುಕಣ

ಹೊದಿಕೆಯ ಮಾತು ಒಪ್ಪುತ್ತೇನೆ. ನಾನು ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಆದರೆ ಹೊದಿಕೆಗೆ ತರುವ ಹುಲ್ಲಿನಲ್ಲೇ ಬೀಜ ಇದ್ದರೆ?

ಕಾಡಂಚು

ಒಳ್ಳೆಯ ಪ್ರಶ್ನೆ. ಇರುತ್ತದೆ. ಮೇವಿನ ಹುಲ್ಲು ಬೇಡವೇ ಬೇಡ, ಅದರಲ್ಲಿ ತೆನೆಯೂ ಕಳೆಯೂ ಸೇರಿರುತ್ತದೆ. ಕಾಳು ಬಡಿದ ಮೇಲಿನ ಒಣಹುಲ್ಲು ವಾಸಿ, ಅದನ್ನೂ ಕೊಯ್ಲಿಗೆ ಮುಂಚೆ ಹೊಲದಲ್ಲೇ ಹೋಗಿ ನೋಡಬೇಕು. ಕೆಲವು ದೇಶಗಳಲ್ಲಿ ಕಳೆ ಇಲ್ಲದ ಒಣಹುಲ್ಲಿಗೆ ಪ್ರಮಾಣಪತ್ರವೇ ಇದೆ. ಎಲ್ಲಕ್ಕಿಂತ ವಾಸಿ ಅಂದರೆ ಆ ಗುಡ್ಡದ್ದೇ ಸುಟ್ಟ ಕೊಂಬೆಗಳನ್ನು ಕಡಿದು ಇಳಿಜಾರಿಗೆ ಅಡ್ಡ ಹಾಸುವುದು. ನೆಲಕ್ಕೆ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ನೀರು ಅಡಿಯಿಂದ ನುಗ್ಗುತ್ತದೆ.

ಇನ್ನೊಂದು. ಬೂಟಿನ ಅಡಿ, ಪ್ಯಾಂಟಿನ ಮಡಿಕೆ, ಗಾಡಿಯ ಚಕ್ರ, ತಂದು ಸುರಿಯುವ ಜಲ್ಲಿ, ಇವೆಲ್ಲ ಬೀಜ ತರುತ್ತವೆ. ಗುಡ್ಡದ ಬುಡದಲ್ಲಿ ಒಂದು ಬ್ರಷ್, ಒಂದು ಬಕೆಟ್ ಇಟ್ಟುಬಿಡಿ.

ಮಳೆಹನಿ

ನನಗೆ ಇನ್ನೊಂದು ಅನುಮಾನ. ಬಿತ್ತಲೇಬೇಕಾ? ಗುಡ್ಡದದಾರಿ ಸರ್, ಆ ಕರಿ ಬುಡಗಳನ್ನು ಉಗುರಿನಿಂದ ಕೆರೆದು ನೋಡಿದ್ದೀರಾ? ಒಳಗೆ ಹಸಿ ಇದ್ದರೆ ಅದು ಸತ್ತಿಲ್ಲ. ಎಷ್ಟೋ ಗಿಡ ಬುಡದಿಂದಲೇ ಚಿಗುರುತ್ತವೆ. ಮಣ್ಣಿನೊಳಗೂ ವರ್ಷಗಟ್ಟಲೆ ಮಲಗಿರುವ ಬೀಜ ಇರುತ್ತದೆ. ಕೆಲವಕ್ಕೆ ಬೆಂಕಿಯ ಶಾಖ, ಹೊಗೆ ತಗುಲಿದರೇ ಮೊಳಕೆ. ಒಂದು ಕೈ ಮಣ್ಣು ತಂದು ತಟ್ಟೆಯಲ್ಲಿ ಹರಡಿ, ದಿನಾ ನೀರು ಚಿಮುಕಿಸಿ ನೋಡಿ. ಹತ್ತು ಕಡೆಯ ಮಣ್ಣು, ಹತ್ತು ತಟ್ಟೆ. ಮಳೆಗೆ ಮುಂಚೆಯೇ ಗುಡ್ಡ ನಿಮಗೆ ಉತ್ತರ ಹೇಳುತ್ತದೆ.

ಬೀಜ ಚೆಲ್ಲಿದರೆ ನಾವು ಏನೋ ಮಾಡಿದೆವು ಅನ್ನಿಸುತ್ತದೆ. ಕಾಯುವುದು ಕೆಲಸದ ಹಾಗೆ ಕಾಣುವುದಿಲ್ಲ. ಅದಕ್ಕೇ ಯಾರೂ ಕಾಯುವುದಿಲ್ಲ ಅಂತ ನನಗೆ ಅನ್ನಿಸಿದೆ.

ಹುಲ್ಲುಕಡ್ಡಿ

ಮಳೆಹನಿ ಅವರ ಮಾತಿಗೆ ಒಂದು ತಿದ್ದುಪಡಿ. ಆಕ್ರಮಣಕಾರಿ ಹುಲ್ಲು ಈಗಾಗಲೇ ಬದಿಯಲ್ಲಿ ಇದ್ದರೆ ಕಾಯುವುದು ಅದಕ್ಕೆ ಜಾಗ ಬಿಟ್ಟುಕೊಟ್ಟ ಹಾಗೆ. ಅಮೆರಿಕದ ಪಶ್ಚಿಮದ ಒಣ ಪ್ರದೇಶವಾದ ಗ್ರೇಟ್ ಬೇಸಿನ್‌ನಲ್ಲಿ ಆದದ್ದು ಇದು. ಚೀಟ್‌ಗ್ರಾಸ್ ಯುರೋಪ್, ಏಷ್ಯಾ ಕಡೆಯಿಂದ 19ನೇ ಶತಮಾನದಲ್ಲಿ ಕಾಳಿನ ಜೊತೆ ಬೆರೆತು ಬಂದದ್ದು. ವಸಂತದಲ್ಲಿ ಎಲ್ಲರಿಗಿಂತ ಮೊದಲು ಎದ್ದು ನೀರು ಕುಡಿದುಬಿಡುತ್ತದೆ. ಬೇಸಿಗೆ ಶುರುವಾಗುವಾಗಲೇ ಒಣಗಿ ಕಾಗದದ ಹಾಗಾಗುತ್ತದೆ. ಹಿಂದೆ ಹಲವು ದಶಕಗಳಿಗೊಮ್ಮೆ ಬೀಳುತ್ತಿದ್ದ ಬೆಂಕಿ ಈಗ ಕೆಲವು ಕಡೆ ಐದಾರು ವರ್ಷಕ್ಕೊಮ್ಮೆ. ಪ್ರತಿ ಬೆಂಕಿಗೂ ಅಲ್ಲಿನದೇ ಆದ ಸೇಜ್‌ಬ್ರಷ್ ಪೊದೆ ಸಾಯುತ್ತದೆ, ಚೀಟ್‌ಗ್ರಾಸ್ ಜಾಸ್ತಿಯಾಗುತ್ತದೆ.

ಅದನ್ನು ತಡೆಯಲು ಅಲ್ಲಿ ರಷ್ಯಾ ಕಡೆಯ ಕ್ರೆಸ್ಟೆಡ್ ವೀಟ್‌ಗ್ರಾಸ್ ಅನ್ನು ಲಕ್ಷಾಂತರ ಎಕರೆಗೆ ಬಿತ್ತಿದರು. ನ್ಯಾಯವಾಗಿ ಹೇಳಬೇಕು, ಅದು ಚೀಟ್‌ಗ್ರಾಸ್ ಅನ್ನು ತಡೆಯುತ್ತದೆ, ಹಾಗಾಗಿ ಈಗಲೂ ಅದನ್ನು ಬಿತ್ತಬೇಕು ಅನ್ನುವವರು ಇದ್ದಾರೆ. ಆದರೆ ಬಿತ್ತಿ ಎಷ್ಟೋ ದಶಕ ಕಳೆದರೂ ಅದೇ ಹುಲ್ಲು ಒಂದೇ ನಿಂತಿದೆ. ಸ್ಥಳೀಯ ಗಿಡಗಳು ವಾಪಸ್ ಬರಲು ಬಿಟ್ಟಿಲ್ಲ.

ಹಾಗಾಗಿ ಮೊದಲು ಬದಿಯಲ್ಲಿ ಏನಿದೆ ಅಂತ ನೋಡಿ. ದಾರಿಯ ಅಂಚು, ಹಳ್ಳದ ದಂಡೆ, ಜನ ಬೆಂಕಿ ಆರಿಸಲು ಓಡಾಡಿದ ಜಾಗ. ಕಳೆ ಇದ್ದರೆ ಬೀಜ ಬಿಡುವ ಮುಂಚೆ ಕೀಳಬೇಕು. ಅಲ್ಲಿ ಮಾತ್ರ ಬಿತ್ತನೆ ಬೇಕಾಗಬಹುದು. 40 ಎಕರೆಗೂ ಬೇಕಿಲ್ಲ.

ಹೊಸಚಿಗುರು

ಬಿತ್ತಬೇಕಾದ ಆ ಸ್ವಲ್ಪ ಜಾಗಕ್ಕೆ ಸ್ಥಳೀಯ ಬೀಜ ಎಲ್ಲಿಂದ? ಹುಡುಕಿದರೆ ಎಲ್ಲೂ ಸಿಗುವುದಿಲ್ಲ.

ಬೀಜಪರೀಕ್ಷೆ

ಅದೇ ದೊಡ್ಡ ಕೊರತೆ. ಬೆಂಕಿ ಬಿದ್ದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಎರಡು ಮೂರು ವರ್ಷ ಮುಂಚೆಯೇ ಬೆಳೆಸಿ ಇಟ್ಟಿರಬೇಕು. ಅಮೆರಿಕ 2015ರಲ್ಲಿ ರಾಷ್ಟ್ರೀಯ ಬೀಜ ಯೋಜನೆ ಮಾಡಿದ್ದು ಇದಕ್ಕೇ.

ಈ ಸಲಕ್ಕೆ ಸುಡದ ಪಕ್ಕದ ಗುಡ್ಡದಿಂದ ಅನುಮತಿ ಪಡೆದು ಕೈಯಲ್ಲೇ ಕೂಡಿಸಿ. ಅಮೆರಿಕದ ಬೀಜ ಸಂಗ್ರಹಕಾರರು ಪಾಲಿಸುವ ನಿಯಮ ಸರಳವಾಗಿದೆ. ಮಾಗಿದ ಬೀಜದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ತೆಗೆಯಬಾರದು. ಕನಿಷ್ಠ 50 ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಬೇಕು, ಒಂದೇ ದಪ್ಪ ಗಿಡದಿಂದ ಅಲ್ಲ. ಅದೇ ಜಾತಿಯ ಬೀಜ ಬೇರೆ ಹವೆಯ ದೂರದ ಊರಿನಿಂದ ತಂದರೆ ಹೆಸರು ಒಂದೇ ಇರುತ್ತದೆ, ಚಳಿ ಬಿಸಿಲು ತಡೆಯುವ ಶಕ್ತಿ ಬೇರೆ.

ತುರ್ತಿಗೆ ಏನಾದರೂ ಹಸಿರು ಬೇಕೇ ಬೇಕು ಅಂದರೆ ಬೀಜ ಕಟ್ಟದ ಸಂಕರ ಧಾನ್ಯಗಳಿವೆ. ಒಂದೆರಡು ವರ್ಷ ಇದ್ದು ಸಾಯುತ್ತವೆ. ಅದನ್ನೂ ತೆಳುವಾಗಿ ಬಿತ್ತಬೇಕು.

ಗುಡ್ಡದದಾರಿ

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ಪರೀಕ್ಷೆಯ ಫಲಿತಾಂಶ ಬಂತು. ಚೀಲದಲ್ಲಿ ಹೆಚ್ಚಿನ ಪಾಲು ಫೌಂಟನ್ ಹುಲ್ಲು. ಉತ್ತರ ಆಫ್ರಿಕಾ ಕಡೆಯದು. ಹವಾಯಿಯ ಲಾವಾ ನೆಲದ ಮೇಲೂ ಹಬ್ಬಿ ಅಲ್ಲಿ ಬೆಂಕಿಗೆ ಮೇವಾಗಿರುವುದು ಇದೇ ಅಂತೆ. ಬೆಂಕಿ ಬಿದ್ದ ಗುಡ್ಡಕ್ಕೆ ನಾವು ಇನ್ನೊಂದು ಬೆಂಕಿಯನ್ನೇ ಬಿತ್ತಲು ಹೊರಟಿದ್ದೆವು. ಆ ರಾತ್ರಿ ನಿದ್ದೆ ಬರಲಿಲ್ಲ.

ಚೀಲ ಕೊಟ್ಟ ಹಿರಿಯರಿಗೆ ಹೇಳುವುದು ಕಷ್ಟವಾಯಿತು. ಕಾಗದ ತೋರಿಸಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹಾಗಾದರೆ ಏನು ಬೇಕು ಹೇಳಪ್ಪ’ ಅಂದರು. ಇಳಿಜಾರಿಗೆ ಹಾಸಲು ಸೆಣಬಿನ ಜಾಲರಿ ಕೊಡಿಸಿದರು. ಆರೂ ಚೀಲದ ಬೀಜವನ್ನು ಅಧಿಕಾರಿಗಳ ಮುಂದೆಯೇ ಸುಟ್ಟೆವು.

ಹತ್ತು ತಟ್ಟೆಯಲ್ಲಿ ಏಳರಲ್ಲಿ ಮೊಳಕೆ ಬಂತು. ಹಾಗಾಗಿ ಗುಡ್ಡದ ಜಾಸ್ತಿ ಭಾಗ ಮುಟ್ಟಲಿಲ್ಲ. ಕಡಿದಾದ ಆರು ಎಕರೆಗೆ ಕೊಂಬೆ, ಜಾಲರಿ ಹಾಸಿದೆವು. ಕೆಳಗಿನ ದಾರಿಯ ಅಂಚಿನಲ್ಲಿ ಮಾತ್ರ ಪಕ್ಕದ ಗುಡ್ಡದಿಂದ ಕೂಡಿಸಿದ ಹುಲ್ಲಿನ ಬೀಜವನ್ನು ಕುಂಟೆ ಎಳೆದು ಮಣ್ಣಿಗೆ ಸೇರಿಸಿದೆವು. ಎರಡು ಕಡೆ ಜಾಲರಿ ಕಿತ್ತು ಮಣ್ಣು ಹೋಯಿತು. ಅದು ನಮ್ಮ ತಪ್ಪು, ಗೂಟ ಆಳ ಹೊಡೆದಿರಲಿಲ್ಲ. ಉಳಿದ ಕಡೆ ನಿಂತಿದೆ. ಸತ್ತವು ಅಂದುಕೊಂಡಿದ್ದ ಬುಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಿಗುರಿವೆ.

ಒಂದು ವಿಷಯಕ್ಕೆ ಸಹಾಯ ಬೇಕು. ಮೊದಲ ಸಲ ಚೀಲಗಳನ್ನು ಇಳಿಸಿದ್ದ ಜಾಗದಲ್ಲಿ ಉದ್ದ ಎಲೆಯ ಹುಲ್ಲಿನ ಒಂದು ಗುಂಪು ಎದ್ದಿದೆ. ಒಂದು ಚೀಲದ ಹೊಲಿಗೆ ಬಿಟ್ಟಿತ್ತು ಅಂತ ಈಗ ನೆನಪಾಗುತ್ತಿದೆ. ಇನ್ನೂ ತೆನೆ ಬಂದಿಲ್ಲ. ಬೇರು ಸಮೇತ ಕಿತ್ತರೆ ಸಾಕಾ, ಮಣ್ಣನ್ನೂ ತೆಗೆಯಬೇಕಾ?

ಕಾಡಂಚು

ನಾಳೆಯೇ ಕೀಳಿ, ತೆನೆ ಬರುವವರೆಗೆ ಬಿಡಬೇಡಿ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬುಡದ ಸುತ್ತ ಅಗೆದು ಬೇರು ಸಮೇತ ಎತ್ತಿ, ಚೀಲದಲ್ಲಿ ಕಟ್ಟಿ ಹೊರಗೆ ತನ್ನಿ. ಮಣ್ಣು ತೆಗೆಯಬೇಡಿ, ಅಲ್ಲಿ ಚೆಲ್ಲಿದ ಬೀಜ ಇನ್ನೂ ಮೊಳೆಯಬಹುದು, ಮಣ್ಣು ಸಾಗಿಸಿದರೆ ದಾರಿಯುದ್ದಕ್ಕೂ ಉದುರುತ್ತದೆ. ಆ ಜಾಗಕ್ಕೆ ನಾಲ್ಕು ಗೂಟ ಹೊಡೆದು ಗುರುತು ಮಾಡಿ. ಮಳೆಗಾಲ ಪೂರ್ತಿ ಹದಿನೈದು ದಿನಕ್ಕೊಮ್ಮೆ ಹೋಗಿ ನೋಡಬೇಕು. ಹಾಗೆ ಆರೇಳು ಮಳೆಗಾಲ. ಮೊದಲ ಸಲ ನಾನೂ ಬರುತ್ತೇನೆ, ಗುದ್ದಲಿ ನನ್ನ ಹತ್ತಿರ ಇದೆ.